ನನ್ನ ಬೆನ್ನ ಮೇಲೆ ಹಾಕಿದ ಸಹಿ

ದಿಬ್ಬೂರಹಳ್ಳಿಯ ಆ ಭಾನುವಾರ ಸಂಜೆ ನನ್ನ ಹಳೆಯ ಸೀನಿಯರ್ ಮುಖ ಕಪ್ಪಿಟ್ಟಿತು ಎಂದು ಹತ್ತಾರು ಜನರ ಮುಂದೆ ಹೇಳಿದ್ದೇನೆ. ನಿಜವಾಗಿ ಕಪ್ಪಿಟ್ಟಿತೋ ಇಲ್ಲವೋ ನನಗೆ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ಆ ಮುಖ ಸ್ಪಷ್ಟವಾಗಿ ಕಾಣುತ್ತದೆ: ಕೆಳತುಟಿ ಒಳಗೆ ಸರಿದಿದೆ, ಕೊರಳಿನ ಹಾರದ ಸೇವಂತಿಗೆಯೊಂದು ಗಲ್ಲಕ್ಕೆ ತಾಗಿದೆ. ಇಷ್ಟು ಸ್ಪಷ್ಟವಾಗಿ ಕಾಣುವುದೇ ನನ್ನ ಅನುಮಾನಕ್ಕೆ ಕಾರಣ. ಕಾನೂನು ಓದುವಾಗ ಸಾಕ್ಷ್ಯದ ಪಾಠದಿಂದ ನನ್ನಲ್ಲಿ ಉಳಿದದ್ದು ಒಂದೇ ವಿಷಯ, ತುಂಬ ಚೆನ್ನಾಗಿ ನೆನಪಿಟ್ಟುಕೊಂಡ ಸಾಕ್ಷಿಯನ್ನು ಎರಡನೇ ಸಲ ಕೇಳಬೇಕು ಎಂಬುದು. ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಪ್ರತಿ ಸಲ ಆ ಮುಖ ಇನ್ನೂ ಸ್ವಲ್ಪ ಕಪ್ಪಾಗಿದೆ.

ಅಲ್ಲಿ ಜೊತೆಗಿದ್ದ ಇಬ್ಬರು ಗೆಳೆಯರೂ ವಕೀಲರೇ. ಗೌರಿಬಿದನೂರಿನವನು, "ಆಯಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ ಕಣೋ, ಹೊಟ್ಟೆ ಕುಣೀತಿತ್ತು" ಅನ್ನುತ್ತಾನೆ. ಚಿಂತಾಮಣಿಯವಳು, "ನಗಲೂ ಇಲ್ಲ, ಸಿಡುಕಲೂ ಇಲ್ಲ, ಫೋನ್ ನೋಡ್ತಾ ಕೂತಿದ್ರು" ಅನ್ನುತ್ತಾಳೆ. ಒಂದು ಮುಖಕ್ಕೆ ಮೂವರು ವಕೀಲರ ಮೂರು ಹೇಳಿಕೆ. ನನಗೆ ಬೇಕಾದದ್ದು ನನ್ನ ಹೇಳಿಕೆಯೇ ನಿಜವಾಗುವುದು. ಅವರಿಗೆ ತಾಗಿದೆ ಎಂದು ಗೊತ್ತಾಗದಿದ್ದರೆ ಅದು ಸೇಡು ಹೇಗಾದೀತು?

ಶಿಡ್ಲಘಟ್ಟದಲ್ಲಿ ಅವರ ಕೈಕೆಳಗೆ ಎರಡು ವರ್ಷ ಜೂನಿಯರ್ ಆಗಿದ್ದೆ. ಆ ಎರಡು ವರ್ಷದಲ್ಲಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ಬೆಂಗಳೂರಿನಲ್ಲಿ ಓದಿ ಬಂದವನು ಎಂಬ ಕಾರಣಕ್ಕೆ ನನಗೆ 'ಯೂನಿವರ್ಸಿಟಿ' ಎಂದು ಹೆಸರಿಟ್ಟಿದ್ದರು. "ಏನಪ್ಪಾ ಯೂನಿವರ್ಸಿಟಿ, ಆ ಫೈಲು ತಗೊಂಬಾ." "ಯೂನಿವರ್ಸಿಟಿ, ಹೋಗಿ ಇನ್ನೊಂದು ವಾಯಿದೆ ಕೇಳ್ಕೊಂಬಾ." ಕಕ್ಷಿದಾರರು ಎದುರಿಗಿದ್ದರೆ ಇನ್ನೂ ಸ್ವಲ್ಪ ಜೋರಾಗಿ.

ಆಗಲೂ ಈಗಲೂ ನನ್ನ ವಾರ ಹೀಗೇ: ಒಂದು ದಿನ ಚಿಕ್ಕಬಳ್ಳಾಪುರದ ಕೋರ್ಟು, ಮರುದಿನ ಚಿಂತಾಮಣಿ, ನಡುವೆ ಶಿಡ್ಲಘಟ್ಟ, ಕರೆದರೆ ಗೌರಿಬಿದನೂರು. ಬೈಕಿನ ಸೀಟಿನ ಕೆಳಗೆ ವಕೀಲರ ಬಿಳಿ ಕೊರಳಪಟ್ಟಿ, ಹಿಂದಿನ ಬ್ಯಾಗಿನಲ್ಲಿ ಕೋಟು, ಅದರ ಮೇಲೇ ಕ್ರಿಕೆಟ್ ಶೂ. ಶನಿವಾರ ವಕೀಲರ ಕ್ರಿಕೆಟ್. ಭಾನುವಾರ ಬೆಳಗ್ಗೆ ಸ್ಕಂದಗಿರಿ ಹತ್ತಿ, ಸೂರ್ಯೋದಯ ನೋಡಲು ಬಂದವರು ಎಸೆದುಹೋದ ಬಾಟಲಿಗಳನ್ನು ಗೋಣಿಚೀಲಕ್ಕೆ ತುಂಬಿ ಇಳಿಯುತ್ತೇವೆ. ಇಳಿದ ಮೇಲೆ ಮುದ್ದೆ, ಉಪ್ಸಾರು, ಯಾರು ಎಷ್ಟು ಮುದ್ದೆ ನುಂಗಿದರು ಎಂಬ ಜಗಳ. ಸಂಜೆ ಮಂಡಿಕಲ್ಲೋ ದಿಬ್ಬೂರಹಳ್ಳಿಯೋ, ಯಾವುದಾದರೂ ಊರಿನಲ್ಲಿ ಕಾನೂನು ಅರಿವಿನ ಬೀದಿ ನಾಟಕ. ಆಮೇಲೆ ಜೊತೆ ಸೇರಿದ ಗೌರಿಬಿದನೂರಿನವನು ಹೆಣ್ಣುಪಾತ್ರದಲ್ಲಿ ಪಳಗಿದವನು. ಸೀರೆ ಉಟ್ಟುಕೊಂಡು ಬೈಕಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತರೆ ದಾರಿಯಲ್ಲಿ ಜನ ತಿರುಗಿ ನೋಡುತ್ತಿದ್ದರು.

ದಿಬ್ಬೂರಹಳ್ಳಿಯ ಒಬ್ಬ ಅಕ್ಕ ನನಗೆ ಪರಿಚಯವಾದದ್ದು ಸೀನಿಯರ್ ಆಫೀಸಿನಲ್ಲೇ. ಐವತ್ತರ ಆಚೆಯ ಹೆಂಗಸು, ರೇಷ್ಮೆ ಹುಳ ಸಾಕುವವಳು. ಅಪ್ಪನ ಹಿಪ್ಪುನೇರಳೆ ತೋಟದಲ್ಲಿ ತನಗೂ ಪಾಲು ಬೇಕೆಂದು ತಮ್ಮಂದಿರ ಮೇಲೆ ಕೇಸು ಹಾಕಿದ್ದಳು. ವಾಯಿದೆಯಿದ್ದ ದಿನ, ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಾಗಿದ್ದರೂ ಪಕ್ಕದ ಮನೆಯವರ ಕೈಗೆ ಒಪ್ಪಿಸಿ ಬಂದು, ಕೋರ್ಟಿನ ಹೊಂಗೆ ಮರದ ಕೆಳಗೆ ಸಂಜೆವರೆಗೆ ಕೂರುತ್ತಿದ್ದಳು. ಸೀನಿಯರ್ ಇನ್ನೊಂದು ಊರಿನ ಕೋರ್ಟಿನಲ್ಲೋ, ಯಾರದೋ ಮದುವೆಯಲ್ಲೋ, ಯಾವುದೋ ಸನ್ಮಾನದಲ್ಲೋ ಇರುತ್ತಿದ್ದರು. ನಾನು ಒಳಗೆ ಹೋಗಿ ಸಮಯ ಕೇಳಿಕೊಂಡು ಬರುತ್ತಿದ್ದೆ.

ತಮ್ಮಂದಿರು ಆ ತೋಟವನ್ನು ಸೈಟು ಮಾಡುವವರಿಗೆ ತೋರಿಸುತ್ತಿದ್ದಾರೆ ಎಂದು ಅವಳು ಒಂದು ದಿನ ಹೇಳಿದಳು. ಮಾರಿದರೆ ಮುಗಿಯಿತು. ಆಮೇಲೆ ಗೆದ್ದರೂ ಅವಳಿಗೆ ಸಿಗುವುದು ಕಲ್ಲು ನೆಟ್ಟ ಬಯಲು. ಅವತ್ತು ಮಧ್ಯಾಹ್ನ ಕೋರ್ಟಿನ ಕ್ಯಾಂಟೀನಿನಲ್ಲಿ ನಾನು ಸೀನಿಯರನ್ನು ಕೇಳಿದೆ, "ಸಾರ್, ಈ ಕೇಸಲ್ಲಿ ಆಯಮ್ಮನ ಸಾಕ್ಷಿ ವಿಚಾರಣೆ ನಾನೇ ಮಾಡಿಸ್ತೀನಿ." ಅವರು ಕನ್ನಡಕ ತೆಗೆದು, ಬಾಯುಸಿರು ಊದಿ, ಕೊರಳಪಟ್ಟಿಯ ತುದಿಯಿಂದ ನಿಧಾನವಾಗಿ ಒರೆಸಿದರು. ಇಡೀ ಕ್ಯಾಂಟೀನು ಕೇಳುವ ಹಾಗೆ ಹೇಳಿದರು:

"ನೀನು ಬೆಟ್ಟದ ಮೇಲೆ ಬಾಟ್ಲಿ ಆಯೋಕೆ ಲಾಯಕ್ಕಪ್ಪಾ ಯೂನಿವರ್ಸಿಟಿ. ಸಾಕ್ಷಿ ದೊಡ್ಡೋರ ಕೆಲಸ."

ವಡೆ ತಿನ್ನುತ್ತಿದ್ದವರೆಲ್ಲ ನಕ್ಕರು. ಇದು ಮಾತ್ರ ನನ್ನ ನೆನಪಿನ ಕಟ್ಟುಕಥೆಯಲ್ಲ, ನಕ್ಕವರಲ್ಲಿ ಗೌರಿಬಿದನೂರಿನವನೂ ಒಬ್ಬ. ಆಗ ಅವನು ನನಗಿನ್ನೂ ಗೆಳೆಯನಾಗಿರಲಿಲ್ಲ.

ಅವತ್ತೇ ಅವರ ಆಫೀಸು ಬಿಟ್ಟೆ. ಅಕ್ಕ ನನ್ನನ್ನು ಹುಡುಕಿಕೊಂಡು ಚಿಕ್ಕಬಳ್ಳಾಪುರಕ್ಕೆ ಬಂದಳು. "ಕೇಸು ನೀನೇ ನಡೆಸಪ್ಪಾ" ಅಂದಳು. ಅದು ಅಷ್ಟು ಸಲೀಸಲ್ಲ. ಕೇಸು ಒಬ್ಬ ವಕೀಲರಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಹೊಸ ವಕಾಲತ್ತಿನ ಮೇಲೆ ಹಳೆಯವರು ಆಕ್ಷೇಪಣೆ ಇಲ್ಲ ಎಂದು ಬರೆದು ಸಹಿ ಹಾಕಬೇಕು. ಹಾಕದಿದ್ದರೆ ನ್ಯಾಯಾಧೀಶರ ಅನುಮತಿ ಕೇಳಬಹುದು ನಿಜ. ಆದರೆ ಅದೇ ವಕೀಲರ ಸಂಘದಲ್ಲಿ ದಿನಾ ಕೂತು ಕಾಫಿ ಕುಡಿಯಬೇಕಾದ ಯಾವ ಹುಡುಗನೂ ಹಿರಿಯರ ಮೇಲೆ ಅಂಥ ಅರ್ಜಿ ಹಾಕುವುದಿಲ್ಲ. ಅವರಿಗೂ ಅದು ಗೊತ್ತು. ಆದ್ದರಿಂದ ಅವರು ಎಂದೂ ಇಲ್ಲ ಅನ್ನುವುದಿಲ್ಲ. ಅಕ್ಕ ಸಹಿ ಕೇಳಲು ಹೋದಾಗಲೆಲ್ಲ ಕನ್ನಡಕ ಒರೆಸುತ್ತಾ, "ಸೋಮವಾರ ಬಾಮ್ಮಾ, ನೋಡೋಣ" ಅನ್ನುತ್ತಿದ್ದರು. ಸೋಮವಾರಗಳು ಹೋಗುತ್ತಲೇ ಇದ್ದವು. ತೋಟದ ಪಕ್ಕ ಕಾರುಗಳು ಬಂದು ನಿಲ್ಲಲು ಶುರುವಾಯಿತು.

ನಾನು ನ್ಯಾಯಕ್ಕಾಗಿ ದಿಬ್ಬೂರಹಳ್ಳಿಯ ಆ ಬೀದಿ ನಾಟಕ ಬರೆದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಅಕ್ಕನಿಗೆ ಸಹಿ ಬೇಕಿತ್ತು, ಹೌದು. ಆದರೆ ಬರೆಯುತ್ತಾ ಕೂತಾಗ ಕೈ ಓಡಿದ್ದು ಆ ಕ್ಯಾಂಟೀನಿನ ನಗುವಿಗೆ. ಸ್ಕಂದಗಿರಿಯ ಮೇಲೆ ಬಾಟಲಿ ಆಯುತ್ತಾ ಇಬ್ಬರಿಗೂ ಕಥೆ ಹೇಳಿದೆ. ವಾಯಿದೆ ಹಾಕಿಸುವ ವಕೀಲ ನಾನು, ಅಲೆಯುವ ಹೆಂಗಸು ಇವನು, ನ್ಯಾಯಾಧೀಶೆ ಅವಳು. ಮುಖ್ಯ ಅತಿಥಿ, ಸಾಕ್ಷಾತ್ ಸೀನಿಯರ್.

ಗೌರಿಬಿದನೂರಿನವನು ಚೀಲ ಕೆಳಗಿಟ್ಟ. "ಒರೇಯ್, ವದ್ದು ರಾ. ಬೇಡ ಕಣೋ. ನಾಳೆ ನಾವು ಅದೇ ಕೋರ್ಟಲ್ಲಿ ನಿಂತ್ಕೋಬೇಕು."

"ಅವರು ಬರ್ತಾರಾ ಮೊದ್ಲು ಹೇಳು" ಅಂದಳು ಚಿಂತಾಮಣಿಯವಳು.

"ಹಾರ, ಪೇಟ, ಹಣ್ಣಿನ ಬುಟ್ಟಿ ಇದೆ ಅಂದ್ರೆ ಬರ್ತಾರೆ" ಅಂದೆ.

"ಹಂಗಾದ್ರೆ ಸರಿಯಾಗಿ ಮಾಡು. ಅರ್ಧಂಬರ್ಧ ಮಾಡಿ ಆಮೇಲೆ ನನ್ ಹತ್ರ ಬಂದು ಗೋಳಾಡ್ಬೇಡ. ವಕಾಲತ್ತು ಬರೆದು ನನ್ನ ಬ್ಯಾಗಲ್ಲಿ ಇಟ್ಕೊಂಡಿರ್ತೀನಿ." ಚೀಲದ ಬಾಯಿ ಕಟ್ಟುತ್ತಾ ಕೇಳಿದಳು, "ಆ ಕನ್ನಡಕ ಒರೆಸೋದು ಬರತ್ತೇನೋ ನಿಂಗೆ?"

ಖಾಲಿ ಬಾಟಲಿಯ ಮುಚ್ಚಳಕ್ಕೆ ಉಸಿರು ಊದಿ ಒರೆಸಿ ತೋರಿಸಿದೆ. ಬೇಡ ಅಂದವನೇ ಮೊದಲು ಬಂಡೆಯ ಮೇಲೆ ಬಿದ್ದು ನಕ್ಕ.

ಅವರು ಬಂದರು. ಮುಂದಿನ ಸಾಲಿನ ಬಟ್ಟೆ ಹೊದಿಸಿದ ಕುರ್ಚಿಯಲ್ಲಿ ಹಾರ ಹಾಕಿಕೊಂಡೇ ಕೂತರು. ಹಿಂದೆ ಊರಿನ ಹೆಂಗಸರು, ಗಂಡಸರು, ಹಾಲಿನ ಡೇರಿಗೆ ಕ್ಯಾನು ತಂದವರು. ವೇಷಕ್ಕೆಂದು ನಾನು ಗೆಳೆಯನ ಅಪ್ಪನ ದಪ್ಪ ಕನ್ನಡಕ ಹಾಕಿಕೊಂಡಿದ್ದೆ. ಅದರಿಂದ ನೋಡಿದರೆ ಮೊದಲ ಸಾಲು ನೀರಿನಲ್ಲಿ ಕಲಸಿದ ಬಣ್ಣದ ಹಾಗಿತ್ತು. ಇಡೀ ನಾಟಕದಲ್ಲಿ ಅವರ ಮುಖ ನನಗೆ ಕಾಣಲಿಲ್ಲ. ಒರೆಸಲು ತೆಗೆದಾಗಲಾದರೂ ಕಾಣಬೇಕಿತ್ತಲ್ಲ ಎಂದರೆ, ಆಗ ನಾನು ನೋಡುತ್ತಿದ್ದದ್ದು ಕನ್ನಡಕವನ್ನು.

ಮೊದಲ ಸಲ ಊದಿ ಒರೆಸಿ, "ಸೋಮವಾರ ಬಾಮ್ಮಾ, ನೋಡೋಣ" ಅಂದಾಗ ಯಾರೋ ಒಬ್ಬರು ಕಿಸಕ್ಕೆಂದರು. ಎರಡನೇ ಸಲ ಹೆಂಗಸರ ಗುಂಪೇ ನಕ್ಕಿತು. ಮೂರನೇ ಸಲ ನಾನು ಉಸಿರು ಊದಿದ ಕೂಡಲೇ ಹಿಂದಿನಿಂದ ಒಂದು ಗಂಡುದನಿ ನನಗಿಂತ ಮೊದಲೇ "ಸೋಮವಾರಾ!" ಎಂದು ಕೂಗಿತು. ನೆಲ ಅದುರುವಂತೆ ನಗು. ಆ ಊರಿನವರಲ್ಲಿ ಎಷ್ಟು ಜನ ಅವರ ಆಫೀಸಿನ ಬೆಂಚು ಸವೆಸಿದ್ದರೋ ನನಗೆ ಅವತ್ತು ಗೊತ್ತಾಯಿತು. ನನ್ನ ಜೀವನದಲ್ಲಿ ಅಷ್ಟು ಸಿಹಿಯಾದ ಸದ್ದು ಇನ್ನೊಂದು ಕೇಳಿಲ್ಲ. ಮಾತು ಮರೆತವನಂತೆ ನಟಿಸಿ ಇನ್ನೊಂದು ಸಲ ಒರೆಸಿದೆ, ಬೇಕೆಂದೇ.

ನಾಟಕ ಮುಗಿದು ಚಪ್ಪಾಳೆ ನಿಲ್ಲುವ ಮೊದಲೇ ಅಕ್ಕ ಎದ್ದಳು. ಇದನ್ನು ನಾವು ಯೋಚಿಸಿರಲಿಲ್ಲ. ನಾಟಕ ಮುಗಿದ ಮೇಲೆ ಚಹಾ ಕುಡಿಯುವಾಗ ನಾನೇ ಮೆತ್ತಗೆ ಸಹಿ ಕೇಳುವುದು ಎಂದು ಮಾತಾಗಿತ್ತು. ಅವಳು ಸೀದಾ ಮೊದಲ ಸಾಲಿನ ಕುರ್ಚಿಯ ಮುಂದೆ ಹೋಗಿ ನಿಂತಳು.

"ಸಾಮಿ, ನಾಟಕದಾಗೆ ಆಯಮ್ಮಂಗೆ ಸಹಿ ಕೊಡ್ಲೇ ಇಲ್ಲ. ನಂಗಾದ್ರೂ ಕೊಟ್ಬಿಡಿ."

ನಗು ನಿಂತಿತು. ಹಾಲಿನ ಕ್ಯಾನು ಇಟ್ಟ ಸದ್ದು ಕೇಳಿಸಿತು. ಚಿಂತಾಮಣಿಯವಳು ಬ್ಯಾಗಿನಿಂದ ವಕಾಲತ್ತು ತೆಗೆದು, ತುಂಬ ಮರ್ಯಾದೆಯಿಂದ ಎರಡೂ ಕೈಯಲ್ಲಿ ಚಾಚಿದಳು. ಬರೆಯಲು ಮೇಜಿರಲಿಲ್ಲ.

"ಬಗ್ಗಪ್ಪಾ ಯೂನಿವರ್ಸಿಟಿ" ಅಂದರು ಸೀನಿಯರ್.

ಬಗ್ಗಿದೆ. ನನ್ನ ಬೆನ್ನ ಮೇಲೆ ಕಾಗದವಿಟ್ಟು ಬರೆದರು. ಪೆನ್ನು ಅಂಗಿಯೊಳಕ್ಕೆ ಒತ್ತುತ್ತಿತ್ತು. ಅವರು ಸಿಟ್ಟಿನಿಂದ ಒತ್ತಿದರೋ, ಮೆತ್ತನೆಯ ಬೆನ್ನ ಮೇಲೆ ಬರೆಯಲು ಯಾರಾದರೂ ಅಷ್ಟು ಒತ್ತಲೇಬೇಕೋ, ಆಮೇಲೆ ಗೆಳೆಯನ ಬೆನ್ನ ಮೇಲೆ ಬರೆದು ಪರೀಕ್ಷೆ ಮಾಡಿದರೂ ತಿಳಿಯಲಿಲ್ಲ. ಆ ಹೊತ್ತು ನನಗೆ ಕಂಡದ್ದು ಅವರ ಕರಿ ಬೂಟು ಮತ್ತು ಕಡಲೆಕಾಯಿ ಸಿಪ್ಪೆ. ಹಾಗಿದ್ದ ಮೇಲೆ ಗಲ್ಲಕ್ಕೆ ತಾಗಿದ ಸೇವಂತಿಗೆಯನ್ನು ನಾನು ಯಾವಾಗ ನೋಡಿದೆ? ನೋಡಿಲ್ಲ. ಬಗ್ಗಿದವನ ಸಿಟ್ಟೇ ಆ ಚಿತ್ರವನ್ನು ಬರೆದುಕೊಂಡಿರಬೇಕು. ನಾನು ನೆಟ್ಟಗಾಗುವಷ್ಟರಲ್ಲಿ ಅವರು ಹಣ್ಣಿನ ಬುಟ್ಟಿ ಎತ್ತಿಕೊಂಡು ಕಾರಿನ ಕಡೆ ಹೊರಟಿದ್ದರು. "ಚೆನ್ನಾಗಿ ಆಕ್ಟ್ ಮಾಡ್ತೀಯಪ್ಪಾ" ಅಂದರಂತೆ. ಗೌರಿಬಿದನೂರಿನವನು ಹೇಳಿದ್ದು, ನಾನು ಕೇಳಿಸಿಕೊಂಡಿಲ್ಲ.

ವಕಾಲತ್ತು ಹಾಕಿದೆವು. ತೋಟ ಮಾರದಂತೆ ತಡೆಯಾಜ್ಞೆ ಸಿಕ್ಕಿತು. ಕಾರುಗಳು ಬರುವುದು ನಿಂತಿತು. ಕೆಲವು ತಿಂಗಳ ಮೇಲೆ ಅಕ್ಕ ಸಾಕ್ಷಿ ಹೇಳುವ ದಿನ ಬಂತು. ಸಾಕ್ಷಿ ಮಾಡಿಸಿದ್ದು ನಾನು. ಫೈಲು ಎದೆಗೆ ಒತ್ತಿ ಹಿಡಿದುಕೊಂಡೇ ಪ್ರಶ್ನೆ ಕೇಳಿದೆ. ಆಮೇಲೆ ತಮ್ಮಂದಿರ ವಕೀಲರು ಪಾಟೀಸವಾಲಿಗೆ ಎದ್ದರು.

"ಇಷ್ಟು ವರ್ಷ ಸಾಕ್ಷಿ ಹೇಳೋಕೆ ಬರದೆ ಸುಮ್ಮನಿದ್ರಿ. ನಿಮ್ಮ ಕೇಸು ಸುಳ್ಳು ಅಂತ ನಿಮಗೇ ಗೊತ್ತಿತ್ತು, ಅದಕ್ಕೇ ಬರ್ಲಿಲ್ಲ. ಹೌದೋ ಅಲ್ವೋ?"

ಅಕ್ಕ ಸೆರಗು ಸರಿಮಾಡಿಕೊಂಡಳು. "ನಾನು ಪ್ರತಿ ಸಲಾನೂ ಬಂದೆ ಸಾಮಿ. ನಮ್ಮ ವಕೀಲರು ಬರ್ಲಿಲ್ಲ."

ನ್ಯಾಯಾಧೀಶರು ಒಂದು ಗಳಿಗೆ ತಲೆ ಎತ್ತಿ ನೋಡಿ, ಅದನ್ನು ಹಾಗೇ ಬೆರಳಚ್ಚುಗಾರ್ತಿಗೆ ಹೇಳಿ ಬರೆಸಿದರು. ನಾನು ಕುಣಿಯದೆ ನಿಂತದ್ದೇ ದೊಡ್ಡದು. ಅವಳಿಗೆ ಆ ಉತ್ತರವನ್ನು ನಾನು ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟಿದ್ದರೂ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಅಕ್ಕ ಅಂದಳು, "ಆಯಪ್ಪನೂ ಇದ್ರಲ್ಲ ಒಳಗೆ. ನೋಡ್ಕೊಂಡೇ ಅಂದೆ." ನಾನು ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದವನು. ಈ ಸಲವೂ ಏನನ್ನೂ ಕಂಡಿರಲಿಲ್ಲ. ಚಿಂತಾಮಣಿಯವಳು ಅವರು ಅವತ್ತು ಕೋರ್ಟಿಗೇ ಬಂದಿರಲಿಲ್ಲ ಅಂದಳು. ಗೌರಿಬಿದನೂರಿನವನು, "ಬಿಡೋ, ಕೇಸು ದಾರಿಗೆ ಬಂತಲ್ಲ, ಇನ್ನೂ ಆಯಪ್ಪನ ಮುಖ ಯಾಕೆ ಬೇಕು ನಿಂಗೆ?" ಅಂದ. ಬೇಕಿತ್ತು. ಕೇಸಿನ ತೀರ್ಪು ಇನ್ನೂ ಬರಬೇಕು, ಅದು ನನ್ನ ಕೈಯಲ್ಲಿಲ್ಲ. ಇದನ್ನಾದರೂ ತಿಳಿದುಕೊಳ್ಳಬಹುದಿತ್ತು.

ಈ ಸಲ ನನ್ನ ತಲೆಯನ್ನು ನಂಬಲು ಹೋಗಲಿಲ್ಲ. ಮರುದಿನ ಕೇಸು ಕೂಗುವ ಅಟೆಂಡರನ್ನು ಚಹಾದಂಗಡಿಯ ಹತ್ತಿರ ಹಿಡಿದೆ. ಉತ್ತರ ಬಾಯಿಗೆ ತುರುಕುವ ಪ್ರಶ್ನೆ ಕೇಳಲಿಲ್ಲ. ಆಯಮ್ಮ ಸಾಕ್ಷಿ ಹೇಳುವಾಗ ಕೋರ್ಟಿನೊಳಗೆ ಯಾರ್ಯಾರಿದ್ದರು ಎಂದಷ್ಟೇ ಕೇಳಿದೆ. ಆಮೇಲೆ ಬೆರಳಚ್ಚುಗಾರ್ತಿಯನ್ನೂ ಬೇರೆಯಾಗಿ ಅದೇ ಮಾತಿನಲ್ಲಿ ಕೇಳಿದೆ. ಆಕೆಯ ಕುರ್ಚಿ ಬಾಗಿಲಿಗೆ ಮುಖ ಮಾಡಿದೆ.

ಇಬ್ಬರೂ ಒಂದೇ ಮಾತು ಹೇಳಿದರು. ಸೀನಿಯರ್‌ದು ಅದರ ಮುಂದಿನ ಕೇಸು. ಅಕ್ಕ ಆ ಮಾತು ಹೇಳಿದಾಗ ಅವರು ಬಾಗಿಲ ಪಕ್ಕದ ಬೆಂಚಿನಲ್ಲಿ, ಪ್ರತಿ ಮಾತೂ ಕೇಳಿಸುವಷ್ಟು ಹತ್ತಿರ, ಕೋಟು ಹಾಕಿಕೊಂಡು ಕೂತಿದ್ದರು.