ಜಾಕೆಟ್ಟಿನ ಮೂರು ಮಡಿಕೆಗಳು

ಮಲೇಷ್ಯಾದ ಕ್ಲಾಂಗಿನ ಉರಿಬಿಸಿಲಿನಲ್ಲಿ ಚಳಿಗಾಲದ ಜಾಕೆಟ್ಟುಗಳನ್ನು ಹಗ್ಗಕ್ಕೆ ಹಾಕುವ ಸಂಸಾರ ನಮ್ಮದೊಂದೇ ಇರಬೇಕು. ವರ್ಷಕ್ಕೊಮ್ಮೆ ನನ್ನ ಹೆಂಡತಿ ಸುಮಾ ಬೀರುವಿನ ತಳದಿಂದ ಮೂರು ಜಾಕೆಟ್ಟುಗಳನ್ನೆಳೆದು, ನುಸಿಗುಳಿಗೆ ಕೊಡವಿ ಬಾಲ್ಕನಿಯಲ್ಲಿ ಹರವುತ್ತಾಳೆ; ಕೆಳಗೆ ನಡೆದಾಡುವವರು ಬೆವರೊರೆಸಿಕೊಳ್ಳುತ್ತಾ ತಲೆಯೆತ್ತಿ, ಈ ಮನೆಯವರಿಗೆಲ್ಲ ಒಟ್ಟಿಗೇ ಜ್ವರವೇನೋ ಎಂಬಂತೆ ನೋಡುತ್ತಾರೆ.

ಬಂದರಿನಲ್ಲಿ ಗುಮಾಸ್ತನಾಗಿ ಸೇರಿ ಈಗ ಸ್ವಂತದ್ದೊಂದು ಪುಟ್ಟ ಸಾಗಣೆ ಕಚೇರಿ ನಡೆಸುತ್ತಿರುವ ನಾನು, ಚೌಕಾಸಿಯನ್ನು ಅರವತ್ತೈದನೆಯ ವಿದ್ಯೆಯೆಂದೇ ನಂಬಿದವನು. ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ: ಬೇಕಾದ ವಸ್ತುವನ್ನು ದಿಟ್ಟಿಸಬೇಡಿ, ಪಕ್ಕದ್ದನ್ನು ಹೊಗಳಿ, ಕೊನೆಗೆ ಎದ್ದು ಹೊರಟುಬಿಡಿ, ವ್ಯಾಪಾರಿ ಕೂಗಿ ಕರೆಯುತ್ತಾನೆ. ತಂಪುದೇಶಕ್ಕೆ ಹೊರಟ ಸರಕು ರದ್ದಾಗಿ ಬಂದರಿನಲ್ಲೇ ಉಳಿದಾಗ, ಈ ಜಾಕೆಟ್ಟುಗಳು ನನ್ನ ಕೈಸೇರಿದ್ದು ಇದೇ ತಂತ್ರದಿಂದ.

ಕಾರಣವೂ ಇತ್ತು. ಪೇಟೆಯಾಚೆಯ ಗುಡ್ಡದ ಮೇಲೆ, ಯಂತ್ರದ ಹಿಮ ಹಾಸಿ, ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಜಾರುವ ಭಾರೀ ಒಳಾಂಗಣವೊಂದು ಏಳಲಿತ್ತು. ಅದರ ಫಲಕದಲ್ಲಿ ಅಪ್ಪನ ಕೈ ಹಿಡಿದು ಜಾರುವ ಮಗುವಿನ ಚಿತ್ರ. ಆರು ವರ್ಷದ ನನ್ನ ಮಗಳು ಅನಘಾ ಅದನ್ನು ನೋಡಿ, ‘ಅಪ್ಪಾ, ಯು ಹೋಲ್ಡ್ ಮೀ, ಓಕೆ?’ ಎಂದಳು. ‘ಹಿಡ್ಕೊಳ್ತೀನಿ ಪುಟ್ಟಿ, ಬಿಡೋದೇ ಇಲ್ಲ’ ಎಂದೆ. ಬೆಳೆಯುವ ಮಕ್ಕಳಿಗೆ ಅಳತೆಯ ಬಟ್ಟೆ ಕೊಳ್ಳುವುದು ನಮ್ಮ ಮನೆತನದಲ್ಲಿ ಮಹಾಪರಾಧವಾದ್ದರಿಂದ ಅವಳದ್ದನ್ನು ದೊಡ್ಡದೇ ತಂದೆ. ಸುಮಾ ತೋಳನ್ನು ಮೂರು ಸುತ್ತು ಒಳಮಡಿಸಿ ಹೊಲಿದಳು.

ಗುಡ್ಡದ ಮೇಲೆ ಕಂಬಗಳೆದ್ದವು, ಕಾಂಕ್ರೀಟಿನ ಇಳಿಜಾರೊಂದು ಮೂಡಿತು, ಅರ್ಧ ಚಾವಣಿಯೂ ಬಂತು. ಅಲ್ಲಿಗೆ ಕೆಲಸ ನಿಂತಿತು. ‘ಶೀಘ್ರದಲ್ಲೇ’ ಎಂಬ ಫಲಕ ಮಾತ್ರ ನಿಷ್ಠೆಯಿಂದ ನಿಂತೇ ಇತ್ತು. ಪರಿಚಿತರು ಕಾಶ್ಮೀರಕ್ಕೆ, ಜಪಾನಿಗೆ ಕರೆದರು. ಮನೆಬಾಗಿಲಿಗೇ ಹಿಮ ಬರುವಾಗ ಅಷ್ಟು ದೂರ ಹೋಗುವವನು ಜಾಣನೇ? ನಾನು ಕಾದೆ. ತೋಳಿನ ಮೊದಲ ಮಡಿಕೆ ಬಿಚ್ಚಿತು, ಎರಡನೆಯದು ಬಿಚ್ಚಿತು. ಮೂರನೆಯದರ ದಾರ ಕತ್ತರಿಸುವಾಗ ಸುಮಾ, ‘ಇನ್ನು ಬಿಚ್ಚೋಕೆ ಏನೂ ಉಳಿದಿಲ್ಲ ಕಣ್ರೀ’ ಎಂದಳು. ಅವಳು ಬಟ್ಟೆಯ ಮಾತಾಡುತ್ತಿದ್ದಾಳೆಂದೇ ನಾನು ತಿಳಿದೆ.

ಕಳೆದ ತಿಂಗಳು ಆ ಕಟ್ಟಡ ಕೆಡವುತ್ತಾರಂತೆ ಎಂಬ ಸುದ್ದಿ ಬಂತು. ಮೂವರೂ ಹೋದೆವು. ಹದಿನೈದರ ಅನಘಾ, ‘ಫೋಟೋಗೆ’ ಎಂದು ಕಣ್ಣು ಮಿಟುಕಿಸಿ ತನ್ನ ಆ ಜಾಕೆಟ್ಟನ್ನೂ ತಂದಿದ್ದಳು. ಕಾವಲಿನ ತಮಿಳು ಮುದುಕರು ಗೇಟು ತೆರೆದು, ‘ಪಾತ್ತು ಪೋಂಗ ಸಾರ್, ವಳುಕ್ಕುಂ’ ಎಂದು ಎಚ್ಚರಿಸಿದರು. ಜಾರುತ್ತದಂತೆ! ಇಡೀ ಯೋಜನೆಯಲ್ಲಿ ಕೊಟ್ಟ ಮಾತಿನಂತೆ ನಡೆದದ್ದು ಇದೊಂದೇ: ಇಳಿಜಾರಿನ ತುಂಬ ದಟ್ಟ ಹಸಿರು ಪಾಚಿ.

ಜಾಕೆಟ್ ತೊಟ್ಟು ನಿಂತಳು ಮಗಳು. ತೋಳು ಮೊಣಕೈ ದಾಟಿದ್ದಷ್ಟೇ. ಅದರ ಮೇಲೆ ಬಿಚ್ಚಿದ ಮಡಿಕೆಗಳ ಮೂರು ಗೆರೆ, ನಾನು ಕಾದ ವರ್ಷಗಳ ಗುರುತು. ಆರರ, ಎಂಟರ, ಹತ್ತರ ಆ ಪುಟ್ಟ ಕೈಗಳು ಎಲ್ಲಿ ಹೋದವು? ಎದ್ದು ಹೊರಟರೆ ಹಿಂದಿನಿಂದ ಕೂಗಿ ಕರೆಯಲು ಕಾಲವೇನು ವ್ಯಾಪಾರಿಯೇ? ಹೀಗೆಂದುಕೊಳ್ಳುತ್ತಾ ಹೆಜ್ಜೆಯಿಟ್ಟೆ, ಕಾಲು ತಪ್ಪಿತು, ಕೈ ನೆಲಕ್ಕೂರಿತು. ಇನ್ನೇನು ಕೆಳಕ್ಕೆ ಹೊರಡಬೇಕು, ಅಷ್ಟರಲ್ಲಿ ಮಗಳು ನನ್ನನ್ನು ಹಿಡಿದು ನಿಲ್ಲಿಸಿದಳು. ನಾನು ಅವಳ ತೋಳಿಗೆ ಜೋತುಬಿದ್ದಿದ್ದೆ.

‘ಐ ಹೋಲ್ಡ್ ಯೂ ಲಾ, ಅಪ್ಪಾ. ಮೆಲ್ಲಗೆ.’

ಗೇಟಿನವರೆಗೂ ಅವಳು ಬಿಡಲಿಲ್ಲ. ನಾನೂ, ನೆಲ ಸಮತಟ್ಟಾಗಿದ್ದರೂ, ಬಿಡಲಿಲ್ಲ.

ಇವತ್ತು ಬಾಲ್ಕನಿಯಲ್ಲಿ ಮತ್ತೆ ಮೂರು ಜಾಕೆಟ್. ಎರಡು ಇನ್ನೂ ಹೊಚ್ಚಹೊಸವು. ಮೂರನೆಯದರ ತೋಳಿನ ಮೇಲೆ ನನ್ನ ಐದು ಬೆರಳಿನ ಪಾಚಿಗುರುತು. ಸುಮಾ ಸೋಪು ಹಿಡಿದು ಬಂದಳು. ‘ತೊಳೀಬೇಡ ಮಾರಾಯ್ತಿ’ ಎಂದೆ, ‘ಕೊನೆಗೂ ಒಂದು ಬಳಸಿದ ಬಟ್ಟೆ ಅಂತ ಆಯ್ತು.’ ನಿಮಗೂ ಸಲಹೆ ಅದೇ: ಮಕ್ಕಳಿಗೆ ಅಳತೆಯದ್ದನ್ನೇ ಕೊಳ್ಳಿ, ಅದೇ ವರ್ಷ ಕೊಳೆಯಾಗಲು ಬಿಡಿ.