ನಂಬರಿಲ್ಲದ ವಿಮಾನ

ತೆಲಂಗಾಣ ಹೋರಾಟ ಜೋರಾಗಿದ್ದ ವರ್ಷಗಳಲ್ಲಿ ಜಹೀರಾಬಾದಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ರೇಡಿಯಂ ಸ್ಟಿಕ್ಕರ್ ಅಂಗಡಿ ಇತ್ತು. ಗಾಡಿಗಳ ನಂಬರ್ ಪ್ಲೇಟು, ಆಟೋಗಳ ಹಿಂದಿನ ದೇವರ ಚಿತ್ರ, ಟ್ರ್ಯಾಕ್ಟರುಗಳ ಮೇಲೆ ಮಕ್ಕಳ ಹೆಸರು, ಇವನ್ನು ಕತ್ತರಿಸಿ ಅಂಟಿಸುವುದು ನನ್ನ ಕಸುಬು. ಆಗ ಬಂದವರಲ್ಲಿ ಬಹಳ ಜನ ಕೇಳುತ್ತಿದ್ದದ್ದು ಒಂದೇ ಕೆಲಸ: ಪ್ಲೇಟಿನ ಮೇಲಿನ ಆಂಧ್ರದ ‘ಎಪಿ’ ಕಿತ್ತು ತೆಲಂಗಾಣದ ‘ಟಿಜಿ’ ಹಚ್ಚಿಕೊಡುವುದು. ರಾಜ್ಯ ಇನ್ನೂ ಆಗಿರಲಿಲ್ಲ. ಗಾಡಿಗಳ ಮೇಲೆ ಮೊದಲೇ ಆಗಿತ್ತು.

ಅಂಗಡಿಯ ಗೋಡೆಯ ಗಾಜಿನ ಕಪಾಟಿನಲ್ಲಿ ಮಾತ್ರ ಕಸುಬಿಗೆ ಸಂಬಂಧವಿಲ್ಲದ ವಸ್ತುಗಳಿದ್ದವು. ನಾನು ಕಟ್ಟಿದ ಪುಟ್ಟ ಯುದ್ಧವಿಮಾನಗಳು. ಬೀದರಿನಿಂದ ಹಾರುವ ತರಬೇತಿ ವಿಮಾನಗಳನ್ನು ತಲೆಯ ಮೇಲೆ ನೋಡುತ್ತ ಬೆಳೆದವನು ನಾನು. ಹತ್ತಲು ಆಗಲಿಲ್ಲ, ಕಟ್ಟಲು ಕಲಿತೆ. ಹೈದರಾಬಾದಿನ ಒಂದು ಅಂಗಡಿಯಿಂದ ಕಿಟ್ ತರುತ್ತಿದ್ದೆ. ಕಿಟ್ಟಿನೊಳಗೆ ಬರುವ ಪ್ಲಾಸ್ಟಿಕ್ ಬಿಡಿಭಾಗಗಳಿಂದ ವಿಮಾನದ ಆಕಾರವೇನೋ ಆಗುತ್ತದೆ, ಆದರೆ ಒಳಗಿನ ಕುರ್ಚಿ ಬರೀ ಒಂದು ಮಣೆಯಂತೆ ಇರುತ್ತದೆ, ಚಕ್ರಗಳು ಬಿಲ್ಲೆಗಳಂತೆ. ಇದು ಸಾಲದು ಅನ್ನುವವರಿಗಾಗಿ ಬೇರೆ ಜನ ಬೇರೆ ಭಾಗಗಳನ್ನು ಮಾಡಿ ಮಾರುತ್ತಾರೆ. ರೆಸಿನ್ ಎಂಬ ಗಟ್ಟಿ ರಾಳದಲ್ಲಿ ಅಚ್ಚು ಹಾಕಿದ ಕುರ್ಚಿ, ಕೂದಲಿನಷ್ಟು ತೆಳುವಾದ ಹಿತ್ತಾಳೆಯ ಬೆಲ್ಟು, ಟೈರಿನ ಗೀರುಗಳೂ ಕಾಣುವ ಚಕ್ರ. ಇನ್ನು ಡಿಕಾಲ್. ಅಂದರೆ ನೀರಿನಲ್ಲಿ ನೆನೆಸಿ ಕಾಗದದಿಂದ ಜಾರಿಸಿ ಅಂಟಿಸುವ ತೆಳು ಚಿತ್ರಗಳು. ಕಿಟ್ಟಿನಲ್ಲಿ ಸಾಮಾನ್ಯವಾಗಿ ಪರದೇಶದ ಗುರುತುಗಳೇ ಬರುತ್ತವೆ. ನಮ್ಮ ವಾಯುಪಡೆಯ ಗುರುತಾದ ಮೂರು ಬಣ್ಣದ ಚಕ್ರ, ಬಾಲದ ಮೇಲಿನ ಪಟ್ಟಿ, ನಮ್ಮ ನಂಬರು ಬೇಕೆಂದರೆ ಪ್ರತ್ಯೇಕ ತರಿಸಬೇಕು. ಡಿಕಾಲ್ ಕೂರಿಸುವ ಕೆಲಸ ನನ್ನ ಹೆಂಡತಿಯದು. ನನ್ನ ಉಸಿರಿಗೆ ಹಾರಿಹೋಗುವ ಚಿತ್ರ ಅವಳ ಬೆರಳಿನ ಕೆಳಗೆ ಸುಮ್ಮನೆ ಮಲಗುತ್ತಿತ್ತು.

ಒಂದು ಮಧ್ಯಾಹ್ನ ವಯಸ್ಸಾದ ಒಬ್ಬರು ಮೊಪೆಡ್ಡಿನ ಪ್ಲೇಟು ಬದಲಿಸಲು ಬಂದರು. ನಾನು ಅಕ್ಷರ ಕತ್ತರಿಸಿ ಮುಗಿಸಿದರೂ ಅವರು ಕಪಾಟಿನ ಮುಂದಿನಿಂದ ಕದಲಲಿಲ್ಲ. ಚಹಾ ತರಿಸಿದೆ. ಕುಡಿಯುತ್ತ ತಮ್ಮ ವಿಷಯ ಹೇಳಿದರು. ತಾಂಡೂರಿನವರು, ಯಾಲಾಲ್ ಕಡೆಯ ಹಳ್ಳಿಯಲ್ಲಿ ಕುರಿ ಕಾಯುತ್ತಿದ್ದ ಮನೆತನ. ಇವರು ಮಾತ್ರ ಕುರಿ ಬಿಟ್ಟು ಕರಣಕೋಟದ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾಗಿದ್ದರು. ಜಹೀರಾಬಾದಿಗೆ ನೆಂಟರ ಮನೆಗೆ ಬಂದಿದ್ದರು, ಮೊಪೆಡ್ ಆ ನೆಂಟರದು. ಕಪಾಟಿನಲ್ಲಿದ್ದ ಚೂಪು ಮೂತಿಯ ಜೆಟ್ಟಿನ ಕಡೆ ಬೆರಳು ತೋರಿಸಿ, ಮಗ ಹಾರಿಸುತ್ತಿದ್ದದ್ದು ಇಂಥದನ್ನೇ ಅಂದರು. ಈಗ ಯಾವ ಊರಲ್ಲಿದ್ದಾರೆ ಎಂದು ಕೇಳಿದೆ.

‘ಈಗ ಇಲ್ಲ ತಮ್ಮಾ. ಹೋದ ವರ್ಷ ಬಿದ್ದ’ ಅಂದರು.

ಹೊರಡುವಾಗ ಮತ್ತೊಂದು ಮಾತು ಹೇಳಿದರು. ಮಗನ ಸಾಮಾನು ಟ್ರಂಕಿನಲ್ಲಿ ಮನೆಗೆ ಬಂದಾಗ ಅದರಲ್ಲಿ ಬಟ್ಟೆಗಳ ಜೊತೆ ಒಂದು ರಟ್ಟಿನ ಡಬ್ಬಿ ಇತ್ತಂತೆ. ಅವನೂ ನನ್ನ ಹಾಗೆ ಬಿಡುವಿನಲ್ಲಿ ಪುಟ್ಟ ವಿಮಾನ ಕಟ್ಟುತ್ತಿದ್ದ. ಅದು ಅರ್ಧಕ್ಕೆ ನಿಂತಿತ್ತು. ತಂದುಕೊಡಿ, ನಾನು ಮುಗಿಸಿಕೊಡುತ್ತೇನೆ ಎಂದೆ.

ಮುಂದಿನ ಸಲ ಆ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ತಂದರು. ನಾನೂ ನನ್ನ ಹೆಂಡತಿಯೂ ಕೌಂಟರಿನ ಮೇಲೆ ಬಿಳಿ ಬಟ್ಟೆ ಹಾಸಿ ಒಂದೊಂದಾಗಿ ತೆಗೆದೆವು. ವಿಮಾನದ ಒಡಲಿನ ಎರಡು ಹೋಳುಗಳನ್ನು ಅಂಟಿಸಿದ್ದ. ಒಂದು ರೆಕ್ಕೆ ಕೂರಿಸಿದ್ದ, ಇನ್ನೊಂದು ಬಿಡಿಯಾಗಿತ್ತು. ಕುರ್ಚಿ, ಬೆಲ್ಟು, ಚಕ್ರ, ಮೂತಿಯ ಮುಂದೆ ಚಾಚುವ ಹಿತ್ತಾಳೆಯ ಸೂಜಿ, ಎಲ್ಲವನ್ನೂ ಹೊರದೇಶದಿಂದ ತರಿಸಿಕೊಂಡು ಪ್ಯಾಕೆಟ್ ಒಡೆಯದೆ ಇಟ್ಟಿದ್ದ. ಡಿಕಾಲ್ ಹಾಳೆ ಎರಡು ತೆಳು ಕಾಗದಗಳ ನಡುವೆ ಭದ್ರವಾಗಿತ್ತು. ಅಚ್ಚುಕಟ್ಟಿನ ಹುಡುಗ ಅನ್ನಿಸಿತು. ಕೂರಿಸಿದ ರೆಕ್ಕೆಯ ಬುಡದಲ್ಲಿ ಮಾತ್ರ ಅಂಟು ಹೊರಗೆ ಉಕ್ಕಿತ್ತು. ಈ ಅಂಟು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಅಲ್ಲಿ ಅವನು ಬೆರಳಿಟ್ಟಿದ್ದರಿಂದ ಬೆರಳ ಗೆರೆಗಳು ಮೂಡಿ ಗಟ್ಟಿಯಾಗಿದ್ದವು. ಇಂಥ ಗುರುತನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡುವುದು ವಾಡಿಕೆ. ನನ್ನ ಹೆಂಡತಿ ಅದನ್ನು ಬೆಳಕಿಗೆ ಹಿಡಿದು ನೋಡಿ, ಇದನ್ನು ಉಜ್ಜುವುದು ಬೇಡ ಎಂದಳು. ಅವರಿಗೂ ತೋರಿಸಿದೆವು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಕೆಲಸ ನಿಧಾನವಾಗಿ ಸಾಗಿತು. ಬಂದ್ ಇದ್ದ ದಿನ ಅಂಗಡಿಯ ಶಟರ್ ಅರ್ಧ ಇಳಿಸಿಕೊಂಡು ಒಳಗೆ ಕೂತು ಕಟ್ಟುತ್ತಿದ್ದೆ. ಹೊರಗೆ ಮೆರವಣಿಗೆ ಹೋಗುತ್ತಿತ್ತು, ತಮಟೆಯಂಥ ಡಪ್ಪು ಬಡಿಯುತ್ತಿದ್ದರು. ಬಸ್ಸು ಸಿಕ್ಕಾಗಲೆಲ್ಲ ಅವರು ತಾಂಡೂರಿನಿಂದ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ನಾನು ಅವರನ್ನು ಕಾಕಾ ಎಂದು ಕರೆಯತೊಡಗಿದ್ದೆ.

ಬಣ್ಣ ಮುಗಿದು ಡಿಕಾಲಿನ ಸರದಿ ಬಂದಾಗ ಕಷ್ಟ ಎದುರಾಯಿತು. ಹಾಳೆಯಲ್ಲಿ ಹಲವು ವಿಮಾನಗಳ ನಂಬರುಗಳಿದ್ದವು. ಕಾಕಾಗೆ ಬೇಕಾದದ್ದು ಮಗ ಕೊನೆಗೆ ಹತ್ತಿದ ವಿಮಾನದ ನಂಬರು. ಅದು ಹಾಳೆಯಲ್ಲಿ ಇರಲಿಲ್ಲ, ಅವರ ಬಾಯಲ್ಲಿತ್ತು. ಬಿಡಿ ಅಂಕಿಗಳನ್ನು ಜೋಡಿಸಿ ಮಾಡಿಕೊಡುತ್ತೇನೆ ಎಂದೆ. ನಂಬರ್ ಹಚ್ಚುವುದೇ ನನ್ನ ಹೊಟ್ಟೆಪಾಡು, ಅದರಲ್ಲೇನು ದೊಡ್ಡದು ಅಂದುಕೊಂಡೆ. ಆದರೆ ಕಾಕಾ ಮನೆಗೆ ಹೋಗಿ ತಮ್ಮ ಹೆಂಡತಿಗೆ ಹೇಳಿದ್ದಾರೆ. ಮುಂದಿನ ವಾರ ಕಾಕಿ ತಾವೇ ಬಂದರು.

ತಲೆ ತುಂಬ ಸೆರಗು ಹೊದ್ದ ಸಣ್ಣ ಮೈಕಟ್ಟಿನವರು. ಅಂಗಡಿಯೊಳಗೆ ಬಂದವರು ವಿಮಾನದ ಕಡೆ ನೋಡದೆ ನನ್ನ ಹೆಂಡತಿಯ ಪಕ್ಕ ಕೂತರು.

‘ಆ ನಂಬರ್ ನನ್ನ ಮನ್ಯಾಗ ಬ್ಯಾಡವ್ವಾ’ ಎಂದು ಅವಳಿಗೇ ಹೇಳಿದರು.

ಕಾಕಾ ಹೊಸ್ತಿಲಲ್ಲಿ ನಿಂತಿದ್ದರು. ಸುಳ್ಳು ನಂಬರು ಹಚ್ಚಿದರೆ ಅದು ಬೇರೆ ಯಾರದೋ ವಿಮಾನ ಆಗುತ್ತದೆ, ನಮ್ಮ ಪೋರನದು ಹ್ಯಾಗಾಗುತ್ತದೆ ಎಂದು ತಮ್ಮ ವಾದ ಹೇಳಿದರು. ಅವರದೂ ತಪ್ಪಿರಲಿಲ್ಲ. ದಿನವೂ ದೀಪ ಹಚ್ಚುವ ಕೋಣೆಯಲ್ಲಿ ಆ ಅಂಕಿ ನೋಡಿಕೊಂಡು ತಾನು ಹೇಗೆ ರೊಟ್ಟಿ ಬಡಿಯಲಿ ಎಂದು ಕಾಕಿ ಕೇಳಿದರು. ಇಬ್ಬರೂ ದನಿ ಏರಿಸಲಿಲ್ಲ. ಕೊನೆಗೆ ಕಾಕಾ ಹೊರಗೆ ರಸ್ತೆ ನೋಡುತ್ತಲೇ, ‘ಆತು, ನಂಬರ್ ಬಿಡ್ರಿ. ಖಾಲಿ ಇರ್ಲಿ’ ಅಂದರು. ನನಗೆ ಅಲ್ಲಿಯವರೆಗೆ ಅನ್ನದಿದ್ದ ಮರ್ಯಾದೆಯ ‘ರಿ’ ಅವರ ಬಾಯಿಂದ ಬಂತು. ಅದು ನನಗೆ ಹೇಳಿದ್ದೋ ಕಾಕಿಗೋ ತಿಳಿಯಲಿಲ್ಲ.

ಆಮೇಲೆ ಕಾಕಿ ಮೊದಲ ಸಲ ವಿಮಾನದ ಹತ್ತಿರ ಬಂದರು. ಕುರ್ಚಿ ಇನ್ನೂ ಹೊರಗಿತ್ತು; ಬೆಲ್ಟುಗಳನ್ನು ಚಿಮಟದಲ್ಲಿ ಹಿಡಿದು ಬಗ್ಗಿಸುತ್ತಿದ್ದೆ. ಇದೇನು ಎಂದು ಕೇಳಿದರು. ಕೂತವನು ಬೀಳದಂತೆ ಕಟ್ಟುವ ಪಟ್ಟಿ ಎಂದೆ.

‘ಸಣ್ಣಾವಿದ್ದಾಗ ಬೇವಿನ ಗಿಡ ಸರಸರ ಏರ್ತಿದ್ದ, ಇಳಿಯಾಕ ಬರ್ತಿದ್ದಿಲ್ಲ’ ಎಂದರು. ‘ಮ್ಯಾಲ ಕುಂತು ಅವ್ವಾ ಅಂತ ಕೂಗ್ತಿದ್ದ. ನಾ ಹೋಗಿ ಇಳಸ್ತಿದ್ದೆ.’ ಸ್ವಲ್ಪ ತಡೆದು, ‘ಆ ಪಟ್ಟಿ ಕಟ್ಟಬ್ಯಾಡಪ್ಪಾ. ಬಿಚ್ಚಿ ಇಡು. ತಾನ ಇಳದು ಹೋಗ್ಯಾನ ಅನ್ನಂಗ ಇರ್ಲಿ.’

ಬೆಲ್ಟುಗಳನ್ನು ಬಿಚ್ಚಿ ಕುರ್ಚಿಯ ಎರಡೂ ಬದಿಗೆ ಇಳಿಬಿಟ್ಟೆ. ಮೇಲಿನ ಗಾಜಿನ ಮುಚ್ಚಳವನ್ನು ತೆರೆದೇ ಅಂಟಿಸಿದೆ. ನನ್ನ ಹೆಂಡತಿ ಮೂರು ಬಣ್ಣದ ಚಕ್ರಗಳನ್ನೂ ಬಾಲದ ಪಟ್ಟಿಯನ್ನೂ ಕೂರಿಸಿದಳು. ನಂಬರು ಇರಬೇಕಾದ ಜಾಗದಲ್ಲಿ ಬೂದು ಬಣ್ಣ ಮಾತ್ರ ಉಳಿಯಿತು.

ಮುಗಿದಾಗ ದೊಡ್ಡ ಮುಷ್ಕರ ನಡೆಯುತ್ತಿತ್ತು. ಬಸ್ಸುಗಳಿಲ್ಲ. ಕಾಕಾ ಫೋನಿನಲ್ಲಿ ಅವಸರವಿಲ್ಲ ಎಂದರು, ಆದರೆ ಮಾತು ಮುಗಿಸದೆ ಲೈನಿನಲ್ಲೇ ಉಳಿದರು. ನಾವು ಸ್ಕೂಟರಿನಲ್ಲಿ ಹೊರಟೆವು. ಹೆಂಡತಿ ಹಿಂದೆ ಕೂತು, ಹತ್ತಿ ತುಂಬಿದ ಡಬ್ಬಿಯನ್ನು ತೊಡೆಯ ಮೇಲೆ ಮಗುವಿನಂತೆ ಹಿಡಿದಿದ್ದಳು. ಪ್ರತಿ ತಗ್ಗಿಗೂ ನನ್ನ ಬೆನ್ನು ತಟ್ಟಿ ನಿಧಾನ ಎನ್ನುತ್ತಿದ್ದಳು. ದಾರಿಯ ಒಂದು ಊರಿನಲ್ಲಿ ಜನ ನಡುರಸ್ತೆಯಲ್ಲೇ ಒಲೆ ಹೂಡಿ ಅನ್ನ ಬೇಯಿಸುತ್ತಿದ್ದರು. ಅದು ಅವರ ಧರಣಿ. ನಮ್ಮ ಗಾಡಿ ನಿಲ್ಲಿಸಿ, ಡಬ್ಬಿಯಲ್ಲಿ ಏನು ಎಂದು ತೆಲುಗಿನಲ್ಲಿ ಕೇಳಿದರು. ನನ್ನ ಹೆಂಡತಿ ಮುಚ್ಚಳ ತೆಗೆದು ತೋರಿಸಿ, ತೀರಿಹೋದ ಹುಡುಗನದು, ಅವನ ಅವ್ವ ಅಪ್ಪನಿಗೆ ಕೊಡಲು ಹೊರಟಿದ್ದೇವೆ ಎಂದಳು. ಕೇಳಿದವನು ತಾನೇ ಮುಚ್ಚಳ ಮುಚ್ಚಿದ. ಉಣ್ಣದೆ ಹೋಗಬಾರದೆಂದು ಎಲೆಯ ಮೇಲೆ ಅನ್ನ, ಬೇಳೆಯ ಪಪ್ಪು ಬಡಿಸಿದರು. ಆಮೇಲೆ ಅಡ್ಡ ಇಟ್ಟ ಕಲ್ಲು ಸರಿಸಿ ದಾರಿ ಬಿಟ್ಟರು.

ತಾಂಡೂರಿನ ಮನೆಯ ನೆಲಕ್ಕೆ ಅಲ್ಲಿಯ ಗಣಿಗಳದೇ ಶಹಾಬಾದಿ ಬಗೆಯ ಕಲ್ಲು ಹಾಸಿತ್ತು. ಒಳಗೆ ತಂಪಿತ್ತು. ಮಗನ ಫೋಟೋದ ಕೆಳಗೆ ಕಾಕಾ ಮೊದಲೇ ಒಂದು ಹಲಗೆ ಹೊಡೆದು ಕಾದಿದ್ದರು. ವಿಮಾನವನ್ನು ಅಲ್ಲಿಟ್ಟೆವು. ಕಾಕಿ ರೆಕ್ಕೆಯ ಬುಡವನ್ನು ಹುಡುಕಿ, ಬಣ್ಣದ ಕೆಳಗೆ ಉಬ್ಬಿದ್ದ ಬೆರಳಿನ ಗೆರೆಗಳ ಮೇಲೆ ಹೆಬ್ಬೆಟ್ಟು ಇಟ್ಟರು. ಕಾಕಾ ನನ್ನ ಕೈ ಹಿಡಿದುಕೊಂಡರು. ಒಳ್ಳೆಯ ಕೆಲಸ ಮಾಡಿದೆವು ಎಂಬ ಸಮಾಧಾನದಲ್ಲಿ ನಾವು ಮರಳಿದೆವು.

ಮುಷ್ಕರ ಮುಗಿದು ಬಸ್ಸು ಹೊರಟ ಮೇಲೆ ಕಾಕಾ ಮತ್ತೆ ಬಂದರು. ನೋಡಿದರೆ ಇಳಿದುಹೋಗಿದ್ದರು. ಕೆನ್ನೆಯ ಮೂಳೆ ಕಾಣುತ್ತಿತ್ತು. ವಿಮಾನಕ್ಕೆ ಏನಾದರೂ ಆಯಿತೇ ಎಂದು ಕೇಳಿದೆ. ಇಲ್ಲ ಎಂದರು. ಆಮೇಲೆ ನಿಧಾನವಾಗಿ ಹೇಳಿದರು. ಆ ಡಬ್ಬಿ ಬಂದಾಗಿನಿಂದ ಸಂಜೆ ಅದನ್ನು ತೆರೆದು, ಬಿಡಿಭಾಗಗಳನ್ನು ನೆಲದ ಮೇಲೆ ಹರವಿ, ಇದು ಇಲ್ಲಿ ಬರುತ್ತದೆ, ಇದು ಅಲ್ಲಿ ಎಂದು ನೋಡುತ್ತ ಕೂರುವುದು ಅವರ ರೂಢಿಯಾಗಿತ್ತಂತೆ.

‘ಅರ್ಧ ಇದ್ದಾಗ, ರಜಾಕ್ಕ ಬಂದು ಮುಗಸ್ತಾನ ಅನ್ನಂಗ ಇತ್ತು ತಮ್ಮಾ. ಸುಳ್ಳು ಅಂತ ಗೊತ್ತಿತ್ತು. ಈಗ ಅದೂ ಮುಗೀತು.’

ಕಟ್ಟಿ ಮುಗಿಸುವುದೇ ಉಪಕಾರ ಎಂದು ನಾನು ತಿಳಿದಿದ್ದೆ. ನನ್ನ ಹೆಂಡತಿ ಒಳಗಿನಿಂದ ನೀರು ತಂದು ಕೊಟ್ಟಳು. ಅವರು ಕುಡಿದು, ಗ್ಲಾಸು ಕೆಳಗಿಟ್ಟು, ತಮಗೂ ಕಟ್ಟಲು ಕಲಿಸುತ್ತೀಯಾ ಎಂದು ಕೇಳಿದರು.

ಹಾಗೆ ನನ್ನ ಬಳಿ ಇದ್ದ ಒಂದು ತರಬೇತಿ ವಿಮಾನದ ಕಿಟ್ ಅವರದಾಯಿತು. ಕಾರ್ಖಾನೆಯಲ್ಲಿ ದಪ್ಪ ಪಾನಾ, ಸ್ಪ್ಯಾನರು ಹಿಡಿದು ದುಡಿದ ಕೈ. ಪುಟ್ಟ ಭಾಗಗಳು ಬೆರಳಿಗೆ ಸಿಗುತ್ತಿರಲಿಲ್ಲ, ಸಿಕ್ಕಿದ್ದು ಮುರಿಯುತ್ತಿತ್ತು. ನೆಲದ ಮೇಲೆ ಬಿದ್ದ ಚೂರನ್ನು ಹುಡುಕಲು ನಾವಿಬ್ಬರೂ ಮೊಣಕಾಲೂರಿ ತಡಕಾಡುತ್ತಿದ್ದೆವು, ಗಿರಾಕಿಗಳು ನಿಂತು ನೋಡುತ್ತಿದ್ದರು. ಒಮ್ಮೊಮ್ಮೆ ಅವರು ನಗುತ್ತಿದ್ದರು ಕೂಡ. ಮಗನ ಮಾತು ಆಗಲೇ ಸ್ವಲ್ಪ ಸ್ವಲ್ಪ ಬಂದದ್ದು: ಹಾಗಲಕಾಯಿ ತಿನ್ನುತ್ತಿರಲಿಲ್ಲ, ಮನೆಗೆ ಬಂದರೆ ಅಜ್ಜನ ಕುರಿಗಳ ಹಿಂದೆಯೇ ಹೊಲಕ್ಕೆ ಹೋಗುತ್ತಿದ್ದ. ಮಗ ತರಿಸಿದಂಥದೇ ರೆಸಿನ್ ಕುರ್ಚಿ ಇದಕ್ಕೂ ಬೇಕು ಎಂದು ಕಾಕಾ ಹಟ ಹಿಡಿದರು. ಹೊರದೇಶದಿಂದ ತರಿಸಲು ಬರೆದೆ. ಬರುವುದು ತಡವಾಯಿತು.

ಹೀಗೆ ಎರಡು ವರ್ಷ ನಡೆಯಿತು. ಆಮೇಲಿನ ಚಳಿಗಾಲದಲ್ಲಿ ಅವರಿಗೆ ಎದೆನೋವು ಬಂತು. ಸುದ್ದಿ ಗೊತ್ತಾಗಿ ನಾವು ತಾಂಡೂರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ನಾರಾಯಣಖೇಡಕ್ಕೆ ಕೊಟ್ಟಿದ್ದ ಮಗಳು ಕಾಕಿಯನ್ನು ತನ್ನ ಜೊತೆ ಕರೆದುಕೊಂಡು ಹೋದಳು.

ಕುರ್ಚಿಯ ಪಾರ್ಸೆಲ್ ಬಂದಾಗ ರಾಜ್ಯ ಆಗುವ ಸುದ್ದಿ ಖಚಿತವಾಗಿತ್ತು, ಜಹೀರಾಬಾದಿನ ಬೀದಿಗಳಲ್ಲಿ ಗುಲಾಲು ಹಾರಿತ್ತು. ಎಷ್ಟೋ ವರ್ಷ ಕಾದ ದಿನ. ನಾನೂ ಬಣ್ಣ ಬಳಿದುಕೊಂಡು ತಿರುಗಿದೆ. ಮನೆಗೆ ಬಂದು ಆ ಪುಟ್ಟ ಪೊಟ್ಟಣ ನೋಡಿದಾಗ ಮುಖದ ಬಣ್ಣ ತೊಳೆದುಕೊಂಡೆ. ಅದನ್ನು ಕಾಕಿಗೆ ಕೊಡುವುದೋ ಬಿಡುವುದೋ ತಿಳಿಯದೆ ಕೆಲವು ದಿನ ಇಟ್ಟುಕೊಂಡೆ. ಕೊಡಬೇಕು, ಅದು ಅವರ ಮನೆಯ ಸಾಮಾನು ಎಂದು ಹೆಂಡತಿ ಹೇಳಿದಳು.

ನಾರಾಯಣಖೇಡದ ಮನೆಯಲ್ಲಿ ಮಗನ ವಿಮಾನ ಟಿವಿಯ ಪಕ್ಕ ಇತ್ತು. ಕಾಕಾ ಅರ್ಧ ಕಟ್ಟಿದ್ದ ವಿಮಾನ ಒಂದು ಸ್ಟೀಲ್ ಡಬ್ಬಿಯಲ್ಲಿತ್ತು. ಕಾಕಿ ಪಾರ್ಸೆಲ್ ಬಿಚ್ಚಿ, ಕುರ್ಚಿಯನ್ನು ಅಂಗೈಯಲ್ಲಿಟ್ಟು ನೋಡಿ, ಡಬ್ಬಿಯೊಳಗೆ ಹಾಕಿ ಮುಚ್ಚಿದರು. ಮುಗಿಸಿಕೊಡಲೇ ಎಂದು ನಾನು ಕೇಳಲಿಲ್ಲ.

ಬೇಸಿಗೆಯ ಕಾವಿಗೆ ಮಗನ ವಿಮಾನದ ರೆಕ್ಕೆಯ ಮೇಲಿನ ಮೂರು ಬಣ್ಣದ ಚಕ್ರದ ಡಿಕಾಲಿನ ಅಂಚು ಎದ್ದಿತ್ತು. ನನ್ನ ಹೆಂಡತಿ ಸರಿಮಾಡಲು ಹೋದಾಗ ಕಾಕಿ, ‘ನೀ ಹೇಳು, ನಾ ಮಾಡ್ತೀನಿ’ ಎಂದರು. ಅವಳು ಹೇಳಿಕೊಟ್ಟಳು. ಕಾಕಿ ಹತ್ತಿಯನ್ನು ನೀರಿನಲ್ಲಿ ಅದ್ದಿ, ಎದ್ದ ಅಂಚಿನ ಮೇಲೆ ಒತ್ತಿ, ಅದು ಮೆತ್ತಗಾಗಲಿ ಎಂದು ಬೆರಳು ತೆಗೆಯದೆ ಕೂತರು. ಒಳಗೆ ಮಗಳು ಚಹಾ ಕಾಯಿಸುತ್ತಿದ್ದಳು. ಒತ್ತಿದ್ದು ಸಾಕು, ಅಂಟಿದೆ ಎಂದು ನನ್ನ ಹೆಂಡತಿ ಹೇಳಿದ ಮೇಲೂ ಅವರು ಇನ್ನಷ್ಟು ಹೊತ್ತು ಹಾಗೇ ಒತ್ತಿ ಹಿಡಿದಿದ್ದರು.