ಕೌದಿಯ ಆಚೆ ಬದಿಯ ಮಾಸ್ತರರು

ಬಸಪ್ಪ ಮಾಸ್ತರರನ್ನು ನೆನೆದರೆ ಮೊದಲು ಕಾಣುವುದು ಅವರ ಅಂಗಾಲು. ದೊಡ್ಡ ಮೈಯ ಆ ನಿವೃತ್ತ ಡ್ರಿಲ್ ಮಾಸ್ತರರು ನಮ್ಮ ಮನೆಯ ನೆಲದ ಮೇಲೆ ಬೋರಲಾಗಿ ಮಲಗಿದ್ದಾರೆ. ಕೌದಿಯ ಇನ್ನೊಂದು ಬದಿಗೆ, ಅವರ ಮುಖಕ್ಕೆ ಮುಖವಾಗಿ, ನನ್ನ ಕೂಸು. ನೆನಪು ಅವರಿಗೆ ದಪ್ಪ ಮೀಸೆಯನ್ನೂ ಕೊಡುತ್ತದೆ. ಮೀಸೆ ಇರಲೇ ಇಲ್ಲ ಎನ್ನುತ್ತಾರೆ ಬನಹಟ್ಟಿಯ ನಮ್ಮ ಓಣಿಯವರು. ಇರಲಿ, ಅಂಗಾಲನ್ನು ನಂಬುತ್ತೇನೆ.

ಗಂಡ ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋಗಿದ್ದ. ತವರಲ್ಲಿ ಯಾರೂ ಇರಲಿಲ್ಲ. ಕೂಸು ದಿನವಿಡೀ ಸೀರೆಯ ಜೋಳಿಗೆಯಲ್ಲಿ. ಓಣಿಯ ಮಗ್ಗಗಳ ಸದ್ದಿಗೆ ನಿದ್ದೆ, ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರ. ಎರಡು ತಿಂಗಳು ದಾಟಿದರೂ ತಲೆ ಎತ್ತಲಿಲ್ಲ. ಮಲಗಿಸುವಾಗ ಅಂಗಾತ ಮಲಗಿಸಿ, ಎಚ್ಚರಿದ್ದಾಗ ಎದುರಿಗೇ ಕೂತು ಆಗಾಗ ಬೋರಲು ಹಾಕಿ, ಕತ್ತು ಬೆನ್ನು ಗಟ್ಟಿಯಾಗಲಿ ಎಂದರು ಜಮಖಂಡಿಯ ಡಾಕ್ಟರು. ಆಗಲೂ ಎತ್ತದಿದ್ದರೆ ನೋಡೋಣ ಎಂದರು. ಆ 'ನೋಡೋಣ' ನನ್ನನ್ನು ತಿನ್ನತೊಡಗಿತು. ಬೋರಲು ಹಾಕಿದರೆ ಕೂಸು ಚೀರುತ್ತಿತ್ತು. ನಾನೂ ಅಳುತ್ತ ಎತ್ತಿಕೊಳ್ಳುತ್ತಿದ್ದೆ.

ಅಳು ಕೇಳಿ ಪಕ್ಕದ ಮನೆಯಿಂದ ಮಾಸ್ತರರು ಬಂದರು. ಹೆಂಡತಿ ತೀರಿದ ಮೇಲೆ ಅಲ್ಲಿ ಅವರೊಬ್ಬರೇ.

"ಮ್ಯಾಲಿಂದ ಕರದ್ರ ಹೆಂಗ ನೋಡ್ತೈತಿ ತಂಗಿ? ನಾವ ನೆಲಕ್ಕ ಇಳೀಬೇಕು," ಎನ್ನುತ್ತ ಮಲಗಿಯೇ ಬಿಟ್ಟರು. "ಸಾವಧಾನ್! ತಲಿ ಎತ್ತಬೇ ಅವ್ವಾ. ನಿಮ್ಮಪ್ಪನ ರೊಕ್ಕ ಬಿದ್ದಾವೇನ ಅಲ್ಲಿ?"

"ನಿಮ್ಮ ಡ್ರಿಲ್ಲು ಅದಕ್ಕೇನ ತಿಳೀತೈತ್ರಿ ಸರ?"

"ಸಾಲಿ ಹುಡುಗುರಿಗರ ಏನ ತಿಳೀತಿತ್ತು?"

ದಿನವೂ ಬಂದರು. ಹೋದ ಮೇಲೆ ಗೋಡೆಯಾಚೆ ಒಬ್ಬರೇ ಕೆಮ್ಮುವುದು ಕೇಳುತ್ತಿತ್ತು. ಒಂದು ಮಧ್ಯಾಹ್ನ ಕೂಸಿನ ಗದ್ದ ಕೌದಿಯಿಂದ ಮೇಲೆದ್ದಿತು, ನಡುಗುತ್ತ ನಿಂತಿತು. ನಾನು ಕೂಗಿದೆನೆಂದು ನೆನಪು, ಕೂಗದೆಯೂ ಇದ್ದಿರಬಹುದು. ಮಾಸ್ತರರಂತೂ ಕಣ್ಣು ಮಿಟುಕಿಸಲಿಲ್ಲ. "ಪಾಸಾದ್ಳು," ಎಂದರು ಮೆಲ್ಲಗೆ, ಎಲ್ಲಿ ತಲೆ ಇಳಿಸೀತೋ ಎಂಬಂತೆ.

ಕೆಲವೇ ವಾರಗಳಲ್ಲಿ ಅವರ ಸೊಂಟ ಹಿಡಿಯಿತು. ಒಂದು ಬೆಳಿಗ್ಗೆ ಸೊಂಟಕ್ಕೆ ಬೆಲ್ಟು ಬಿಗಿದು, ಕೈಯಲ್ಲಿ ಚೀಲ ಹಿಡಿದು ಬಾಗಿಲಿಗೆ ಬಂದರು. ಹೊರಗೆ ಆಟೋ ನಿಂತಿತ್ತು.

"ಮುಧೋಳದಾಗ ನಮ್ಮಕ್ಕ ಕರ್ಯಾಕತ್ತಾಳ. ಅಲ್ಲೆ ಮನಿತುಂಬ ಮಂದಿ ಅದಾರ."

"ಕೂಸಿನ್ನ ಮಾತಾಡಿಸಿ ಹೋಗ್ರಿ ಸರ."

"ಬಗ್ಗಾಕ ಬರವಲ್ದು ತಂಗಿ."

ಬೋರಲಾಗಿದ್ದ ಕೂಸು ದನಿ ಕೇಳಿ ತಲೆ ಎತ್ತಿತು. ಎಂದಿನ ಎತ್ತರದಲ್ಲಿ ಮುಖವಿರಲಿಲ್ಲ. ಇನ್ನಷ್ಟು ಎತ್ತಿತು: ಧೋತರ, ಚೀಲ, ಬೆಲ್ಟು. ಮೊಣಕೈ ಊರಿ ಎದೆಯನ್ನೂ ಎತ್ತಿತು. ಕತ್ತು ಸೋತು ಹಣೆ ಕೌದಿಗೆ ತಾಗಿತು. ಅದು ಮತ್ತೆ ತಲೆ ಎತ್ತುವಷ್ಟರಲ್ಲಿ ಬಾಗಿಲು ಖಾಲಿಯಾಗಿತ್ತು.